ಸಾಲಿನ ಕೊನೆಗೆ ನಾನು ತುಂಬಿದ್ದು

ಹೈದರಾಬಾದಿಗೆ ಬಂದ ಮೂರನೆಯ ದಿನ ನಲವತ್ತು ಹಾರ್ನುಗಳು ನನ್ನ ದನಿಯಲ್ಲಿ, ನನಗೆ ಬಾರದ ಭಾಷೆಯಲ್ಲಿ ಎಣಿಸಿದವು. ಒಕಟಿ, ರೆಂಡು, ಮೂಡು.

ಅದು ನಾಚಾರಂನ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರ್ಖಾನೆ. ಗುಡಿ, ಮಸೀದಿ, ಶಾಲೆ, ಪ್ರಚಾರದ ಆಟೊಗಳಿಗೆ ಕಟ್ಟುವ ಹಾರ್ನು ಸ್ಪೀಕರುಗಳನ್ನು ಅಲ್ಲಿ ತಯಾರಿಸುತ್ತಾರೆ. ನನ್ನದು ಕಡೆಯ ಪರೀಕ್ಷೆ. ಮೈಕಿನ ಮುಂದೆ ಕೂತು ಮಾತಾಡಬೇಕು. ಎದುರಿನ ಕಬ್ಬಿಣದ ಚೌಕಟ್ಟಿಗೆ ಸಾಲಾಗಿ ಸಿಕ್ಕಿಸಿದ ಹಾರ್ನುಗಳಲ್ಲಿ ಯಾವುದು ಒಡಕು ದನಿ ಕೊಡುತ್ತದೋ ಅದಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ನಾನು ಒಂದು, ಎರಡು ಎಂದು ಶುರು ಮಾಡಿದ್ದೆ. ಮೇಲ್ವಿಚಾರಕರು ಬಂದು ‘ತೆಲುಗುಲೋ ಚೆಪ್ಪಮ್ಮಾ’, ತೆಲುಗಿನಲ್ಲಿ ಹೇಳಮ್ಮ, ಎಂದರು. ಕನ್ನಡದ ‘ಎರಡು’ ಅವರ ಕಿವಿಗೆ ಹಾರ್ನು ಒಡೆದ ಹಾಗೆ ಕೇಳಿತಂತೆ.

ತುಮಕೂರಿನಲ್ಲಿ ಹದಿನಾಲ್ಕು ವರ್ಷ ಶಾಮಿಯಾನ ಮತ್ತು ಸೌಂಡ್ಸ್ ಅಂಗಡಿಯೊಂದರಲ್ಲಿ ರಿಪೇರಿ ಮಾಡಿದವಳು ನಾನು. ಅಂಗಡಿ ಮುಚ್ಚಿದ್ದರಿಂದ ಇಲ್ಲಿಗೆ ಬಂದೆ. ಅಲ್ಲಿ ‘ಹಲೋ, ಕೇಳಿಸ್ತಾ?’ ಅಂದರೆ ಮೈದಾನದ ಆ ತುದಿಯಿಂದ ಯಾರಾದರೂ ಕೈ ಎತ್ತುತ್ತಿದ್ದರು. ಇಲ್ಲಿ ಎದುರಿಗೆ ಬರೀ ಹಾರ್ನುಗಳು.

ಮೂರನೆಯ ದಿನ ಎಂದೆ. ಐದನೆಯದೂ ಇರಬಹುದು. ‘ಮೂರನೆಯ’ ಎಂಬುದು ವಾಕ್ಯಕ್ಕೆ ಹೊಂದಿತು, ಕೈ ತಾನೇ ಬರೆಯಿತು. ಇಂಥ ಹೊಂದಿಕೆಯ ಚಟದಿಂದ ಒಬ್ಬ ಮನುಷ್ಯನಿಗೆ ಏನಾಯಿತು ಎಂದು ಹೇಳಲಿಕ್ಕೆ ಹೊರಟಿರುವವಳು ನಾನು. ಆದ್ದರಿಂದ ಅಂಟು ಹಾಕಿದ ಜಾಗ ಕಂಡಾಗಲೆಲ್ಲ ತೋರಿಸುತ್ತೇನೆ.

ಮೊದಲೆರಡು ತಿಂಗಳು ಅಮೀರ್‌ಪೇಟೆಯ ಹಾಸ್ಟೆಲು. ಒಂದು ಕೋಣೆಗೆ ಆರು ಮಂಚ, ಆರು ಕೋರ್ಸುಗಳ ಬಾಯಿಪಾಠ. ನನ್ನ ವಯಸ್ಸಿನ ಹೆಂಗಸರು ಅಲ್ಲಿ ಅಡುಗೆಯವರು ಮಾತ್ರ. ಹೊಸದಾಗಿ ಸೇರಿದ ಹುಡುಗಿಯರು ನನ್ನ ಬಳಿ ಬಂದು ಸಾಂಬಾರು ತೆಳ್ಳಗಾಯಿತೆಂದು ದೂರುತ್ತಿದ್ದರು. ಆಮೇಲೆ ನಾಚಾರಂನಲ್ಲಿ, ಎರಡನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತು. ಮನೆಯೊಡತಿ ‘ಎಂತ ಮಂದಿ ಉಂಟಾರು?’ ಎಂದಳು. ಎಷ್ಟು ಜನ ಇರುತ್ತೀರಿ ಎಂದರ್ಥ. ‘ಒಕ್ಕದಾನ್ನೇ’, ಒಬ್ಬಳೇ, ಎಂದೆ. ಯಾರ ಸಹಾಯವೂ ಇಲ್ಲದೆ ನಾನು ಆಡಿದ ಮೊದಲ ತೆಲುಗು ಅದು. ಹೇಳಿದ ಮೇಲೆ ಹೆಮ್ಮೆಯಾಯಿತು, ಅರ್ಥ ಹೊಳೆದದ್ದು ಬೀಗ ತೆಗೆದು ಒಳಗೆ ಹೋದ ಮೇಲೆ.

ರಾಗಿ ಹಿಟ್ಟು ಕೇಳಿದರೆ ಅಂಗಡಿಯಾತ ‘ಷುಗರಾ ಅಮ್ಮಾ?’ ಎಂದು ಕರುಣೆಯಿಂದ ನೋಡಿದ. ನಮ್ಮಲ್ಲಿ ಹೊಟ್ಟೆಗೆ ತಿನ್ನುವುದನ್ನು ಇಲ್ಲಿ ಕಾಯಿಲೆಗೆ ತಿನ್ನುತ್ತಾರೆ. ಸಂಜೆ ರಸ್ತೆಬದಿಯಲ್ಲಿ ಹೆಂಗಸರು ಜೊನ್ನ ರೊಟ್ಟೆ ತಟ್ಟುತ್ತಾರೆ, ಅಂದರೆ ಜೋಳದ ರೊಟ್ಟಿ. ನನಗೆ ಅದು ಪರದೇಶದ ಊಟ. ಅದೇ ರೊಟ್ಟಿಯನ್ನು ಮನೆಯೂಟವೆಂದು ತಿನ್ನುವ ಕನ್ನಡಿಗರು ಇದ್ದಾರೆಂಬುದು ಗೊತ್ತಿತ್ತು. ಗೊತ್ತಿತ್ತು ಅಷ್ಟೆ.

ರೆಕಾರ್ಡಿಂಗಿನ ಗೀಳು ಹಿಡಿದದ್ದು ಒಂಟಿತನಕ್ಕೆ. ಜೊತೆಯಲ್ಲಿ ಕೆಲಸ ಮಾಡುವ ನರ್ಸಿಂಗ್ ಎಂಬ ಹುಡುಗ ಮನೆಯಲ್ಲೇ ತೆಲಂಗಾಣದ ಜನಪದ ಹಾಡುಗಳನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವವನು. ಅವನ ಹಳೆಯ ಮೈಕು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಎರಡು ತೂತಿನ ಪೆಟ್ಟಿಗೆ, ಕಿವಿಯ ಸ್ಪಂಜು ಉದುರುತ್ತಿದ್ದ ಹೆಡ್‌ಫೋನು ನನ್ನ ಪಾಲಿಗೆ ಬಂದವು. ಕಸೂತಿ ಹಾಕುವ ಬಳೆಗೆ ಹಳೆಯ ವೇಲು ಬಿಗಿದು ಮೈಕಿನ ಮುಂದೆ ಕಟ್ಟಿದೆ, ‘ಪ’ ಅಂದಾಗ ಗಾಳಿ ಬಡಿಯದಿರಲಿ ಎಂದು. ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಕಂಬಳಿ ಹೊದಿಸಿ ಗುಡಿಸಲು ಮಾಡಿದೆ. ಅಗ್ಗದ ಮೈಕಿಗೆ ಒಂದು ಗುಣವಿದೆ: ಅದು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಪಕ್ಕದ ಕಾರ್ಖಾನೆಯ ಕಂಪ್ರೆಸರು, ಕೆಳಮನೆಯ ಕುಕ್ಕರು, ನಾನು ಉಗುಳು ನುಂಗಿದ್ದು.

ನನಗೂ ನರ್ಸಿಂಗನಿಗೂ ಮೊದಲಿನಿಂದ ಜಗಳ. ಅವನಿಗೆ ಹಾಡೆಂದರೆ ಎಕೋ, ಎದೆ ಅದುರಿಸುವ ಡಪ್ಪು, ಅಂದರೆ ತಮಟೆ.

‘ಎಕೋ ಲೇಕುಂಟೆ ಪಾಟ ಎಂಡಿನ ರೊಟ್ಟೆ ಅಕ್ಕಾ.’ ಎಕೋ ಇಲ್ಲದ ಹಾಡು ಒಣಗಿದ ರೊಟ್ಟಿ, ಎನ್ನುತ್ತಿದ್ದ.

‘ನಿನ್ನ ಹಾಡು ಬಾವಿಗೆ ಬಿದ್ದವನು ಕೂಗಿದ ಹಾಗಿದೆ’ ಎಂದು ನಾನು ಅರ್ಧ ಹಿಂದಿಯಲ್ಲಿ ಅರ್ಧ ಕನ್ನಡದಲ್ಲಿ ಹೇಳುತ್ತಿದ್ದೆ.

‘ಬಾವಿಲೋ ನೀಳ್ಳು ಉಂಟಾಯಿ ಗದಾ!’ ಬಾವಿಯಲ್ಲಿ ನೀರಾದರೂ ಇರುತ್ತದಲ್ಲ ಎಂದು ನಗುತ್ತಿದ್ದ.

ನನಗೆ ಬೇಕಾದದ್ದು ಸ್ವಚ್ಛ ದನಿ. ಬಿರುಕಿಲ್ಲದ್ದು, ತುಂಬಿದ್ದು. ಅದನ್ನು ಅಭಿರುಚಿ ಎಂದುಕೊಂಡಿದ್ದೆ. ದಿನಕ್ಕೆ ಎಂಟು ಗಂಟೆ ಒಡಕು ದನಿಗೆ ಸೀಮೆಸುಣ್ಣ ಹಚ್ಚುವವಳಿಗೆ ಬೇರೆ ಅಭಿರುಚಿ ಹೇಗೆ ಬಂದೀತು?

ಕಾರ್ಖಾನೆಯ ಮೇಲಂತಸ್ತಿನ ಆಫೀಸಿಗೆ ಗ್ರಾನೈಟ್ ಹಾಕಿಸುವಾಗ ಹುಸೇನಪ್ಪ ಬಂದ. ಕಲ್ಲು ಕೊಯ್ಯುವ ಕಟರಿನ ಕಿರುಚಾಟದಲ್ಲಿ ನನ್ನ ಪರೀಕ್ಷೆ ನಡೆಯದೆ ಮೈಕು ತೆರೆದೇ ಇಟ್ಟು ಕಾಯುತ್ತಿದ್ದೆ. ಕಟರು ನಿಂತಿತು. ಮರುಕ್ಷಣ ನಲವತ್ತು ಹಾರ್ನುಗಳಿಂದ ಗಂಡಸೊಬ್ಬನ ಹಾಡು ಬಂತು, ಕನ್ನಡದಲ್ಲಿ. ಮೆಟ್ಟಿಲ ಮೇಲಿಂದ ಇಳಿದು ಬಂದ ದನಿಯನ್ನು ಮೈಕು ಹಿಡಿದುಕೊಂಡಿತ್ತು. ನಾನು ಓಡಿದೆ. ಧೂಳಿಗೆ ರೆಪ್ಪೆಯವರೆಗೂ ಬೆಳ್ಳಗಾಗಿದ್ದ ಮನುಷ್ಯ ಕಲ್ಲಿನ ಮೇಲೆ ಕೂತು ಬೀಡಿ ಹುಡುಕುತ್ತಿದ್ದ.

‘ಕನ್ನಡದವರಾ?’

‘ಹೌದ್ರಿ ಅಕ್ಕಾರ. ತಪ್ಪಾತೇನ್ರಿ? ಹಾಡಬಾರದಿತ್ತೇನು?’

ಹೆಸರು ಕೇಳಿ ಗೊಂದಲವಾಯಿತು. ಅವನೇ ಬಿಡಿಸಿದ. ಸುರಪುರದ ಕಡೆಯ ಹಳ್ಳಿ. ಅವನವ್ವ ಮೊಹರಮ್ಮಿನ ಪೀರ ದೇವರಿಗೆ ಹರಕೆ ಹೊತ್ತು ಹೆತ್ತ ಮಗ, ಅದಕ್ಕೆ ಹುಸೇನಪ್ಪ. ಹಬ್ಬದಲ್ಲಿ ಅವರೂರಿನ ಮೇಳಕ್ಕೆ ಮುಂದೆ ನಿಂತು ಹಾಡುವವನೂ ಅವನೇ. ಹಿಂದೆ ಎಂಟು ಜನರ ಹಿಮ್ಮೇಳ. ‘ರಿವಾಯತ ಪದಾರಿ’ ಎಂದ. ಕರ್ಬಲಾದ ದುಃಖವನ್ನು ನಮ್ಮ ಹೊಲ, ಹಳ್ಳ, ತಾಯಿ-ಮಕ್ಕಳ ಮಾತಿನಲ್ಲಿ ಹೇಳುವ ಹಾಡುಗಳು. ತುಮಕೂರಿನಲ್ಲಿ ಮೊಹರಮ್ಮಿಗೆ ಹಾರ್ನು ಕಟ್ಟಿದ್ದೇನೆ. ಇಂಥ ಹಾಡು ಕೇಳಿರಲಿಲ್ಲ.

ಅವನ ಸಂಕಟ ಎರಡು ಭೇಟಿಯ ಬಳಿಕ ತಿಳಿಯಿತು. ಲಿಂಗಂಪಲ್ಲಿಯ ಆಚೆ ಎದ್ದ ಬಹುಮಹಡಿ ಕಟ್ಟಡಗಳಲ್ಲಿ ಕಲ್ಲು ಹಾಸುವ ಕೆಲಸ ಅವನದು. ಗುತ್ತಿಗೆದಾರ ರಜೆ ಕೊಡದೆ ಎರಡು ವರ್ಷ ಹಬ್ಬ ತಪ್ಪಿತ್ತು. ಮೇಳದ ಗುರು, ಅವರ ಮಾತಿನಲ್ಲಿ ವಸ್ತಾದ, ಮೌಲಾಸಾಬರು ಹೇಳಿ ಕಳಿಸಿದ್ದರು: ಹತ್ತು ದಿನ ಮೊದಲೇ ಬಂದು ತಾಲೀಮಿಗೆ ಕೂಡಲಾಗದಿದ್ದರೆ ನಿನ್ನ ದನಿಯನ್ನಾದರೂ ಕಳಿಸು. ಕೇಳಿ ಸರಿ ಅನ್ನಿಸಿದರೆ ಮುಂದಿನ ಜಾಗ ನಿನಗೇ ಇಡುತ್ತೇನೆ, ಕಡೆಯ ದಿನ ಬಂದು ನಿಂತರೂ ಆಯಿತು. ಇಲ್ಲದಿದ್ದರೆ ಬೇರೆಯವನು.

‘ಇಲ್ಲಿ ನನಗ ಹೆಸರೇ ಇಲ್ರಿ ಅಕ್ಕಾರ’ ಎಂದ. ‘ಏ ಕಟರ್, ಏ ಕರ್ನಾಟಕ ಅಂತಾರ. ಅಲ್ಲಿ ಆ ಒಂದು ದಿನ ನಾ ಬಾಯಿ ತೆರದ್ರ ಊರ ಸುಮ್ಮ ಆಗತೈತಿ.’

ಕಟ್ಟಡದ ಶೆಡ್ಡಿನಲ್ಲಿ ಫೋನಿನಲ್ಲಿ ಹಾಡಿದ್ದು ಗಲಾಟೆಯಲ್ಲಿ ಮುಳುಗಿತ್ತು. ನನ್ನ ಮೈಕು ಇದೆಯಲ್ಲ ಎಂದೆ. ಹೈದರಾಬಾದಿನಲ್ಲಿ ನನ್ನಿಂದ ಯಾರಿಗಾದರೂ ಉಪಯೋಗವಾಗುವ ಮೊದಲ ಸಂದರ್ಭ ಅದು. ಎಷ್ಟು ಸಂತೋಷಪಟ್ಟೆ ಎಂದು ಈಗ ನೆನೆದರೆ ಮೈ ಕಿರಿಕಿರಿಯಾಗುತ್ತದೆ.

ಭಾನುವಾರ ಮಧ್ಯಾಹ್ನ ಅವನೂ ಅವನ ಹೆಂಡತಿ ಮಾನಮ್ಮನೂ ಲಿಂಗಂಪಲ್ಲಿಯಿಂದ ಲೋಕಲ್ ರೈಲು, ಸಿಕಂದರಾಬಾದಿನಿಂದ ಬಸ್ಸು ಹಿಡಿದು ಬಂದರು. ಮಾನಮ್ಮ ರೊಟ್ಟಿ, ಶೇಂಗಾ ಹಿಂಡಿ, ತಾನೇ ಹೊಲಿದ ಎರಡು ಕೌದಿ ತಂದಿದ್ದಳು. ಕೌದಿಗಳು ಗುಡಿಸಲಿನ ಗೋಡೆಯಾದವು.

‘ನಿಮ್ಮ ಕನ್ನಡ ಟೀವಿಯಾಗ ಬಾತ್ಮಿ ಓದಿದಂಗ ಐತ್ರಿ’ ಎಂದಳು ನನಗೆ. ‘ತಿಳೀತೈತಿ, ಖರೆ ಹೊಟ್ಟಿ ತುಂಬಂಗಿಲ್ಲ.’

ಫ್ಯಾನು ಆರಿಸಿ ಕಿಟಕಿ ಮುಚ್ಚಿದೆ. ಬೇಸಿಗೆ. ಹುಸೇನಪ್ಪ ಒಂದು ಕೈ ಕಿವಿಗೆ ಇಟ್ಟುಕೊಂಡು ಹಾಡಿದ. ನಾಲ್ಕನೆಯ ಸಾಲಿನ ತುದಿಯಲ್ಲಿ, ನೆಲದ ಮೇಲೆ ಕೂತಿದ್ದ ಮಾನಮ್ಮ ಒಂದು ಮಾತು ಸಣ್ಣಗೆ ಎತ್ತಿದಳು. ನಾನು ಸುಮ್ಮನಿರಲು ಹೇಳಿ ನಿಲ್ಲಿಸಿದೆ. ಮತ್ತೆ ಶುರು, ನಾಲ್ಕನೆಯ ಸಾಲು, ಮತ್ತೆ ಅವಳ ದನಿ. ‘ತಾನೇ ಬರತೈತ್ರಿ, ನಾ ಏನ ಮಾಡ್ಲಿ’ ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಮೂರನೆಯ ಸಲ ಅವಳನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ ಬಾಗಿಲು ಹಾಕಿದೆ.

ನಕ್ಕಳು ಎಂದು ಬರೆದೆ. ನಗು ನೆನಪಿದೆ, ಆದರೆ ಆ ಹೊತ್ತಿನದೋ ಊಟದ ಹೊತ್ತಿನದೋ ಖಚಿತವಿಲ್ಲ. ಬಾಗಿಲು ಹಾಕಿದ್ದು ಖಚಿತ.

ಅವಳು ಹೋದ ಮೇಲೆ ಹಾಡು ಪೂರ್ತಿಯಾಯಿತು. ಕೊನೆಗೆ, ಪದಗಳು ನನಗೆ ತಿಳಿಯಲಿ ಎಂದು, ಅವನು ಇನ್ನೊಮ್ಮೆ ನಿಧಾನವಾಗಿ ಬಿಡಿಬಿಡಿಯಾಗಿ ಹಾಡಿ ತೋರಿಸಿದ. ಅದನ್ನೂ ರೆಕಾರ್ಡ್ ಮಾಡಿಕೊಂಡೆ.

ಆ ವಾರವೆಲ್ಲ ಕೆಲಸದಿಂದ ಬಂದು ಅದರ ಮುಂದೆ ಕೂತೆ. ಕಂಪ್ರೆಸರಿನ ಗುಂಯ್ ತೆಗೆದೆ. ಉಸಿರೆಳೆದ ಸದ್ದು ತೆಗೆದೆ. ಆದರೆ ಒಂದು ದೋಷ ಎಲ್ಲೆಡೆ ಇತ್ತು. ಪ್ರತಿ ನಾಲ್ಕನೆಯ ಸಾಲಿನ ಕಡೆಯ ಮಾತನ್ನು ಅವನು ಹಾಡಿರಲೇ ಇಲ್ಲ. ದನಿ ಅಂಚಿನವರೆಗೆ ಬಂದು ನಿಂತುಬಿಡುತ್ತಿತ್ತು. ಆ ಸಂದಿನಲ್ಲಿ ಎದೆಯ ಗೊರಗೊರ, ಎರಡು ಕಡೆ ಅದುಮಿದ ಕೆಮ್ಮು. ಕಲ್ಲಿನ ಧೂಳು ಎಂದುಕೊಂಡೆ. ಪಾಪ, ಉಸಿರು ಸಾಲುತ್ತಿಲ್ಲ.

ನರ್ಸಿಂಗನಿಗೆ ಕೇಳಿಸಿದೆ. ‘ಅಕ್ಕಡ ಡಪ್ಪು ವೆಯ್ಯಿ ಅಕ್ಕಾ’ ಎಂದ. ಅಲ್ಲಿ ಡಪ್ಪು ಬಡಿಸಿಬಿಡು. ಅವನನ್ನು ಮನಸ್ಸಿನಲ್ಲೇ ಹಳಿದೆ. ಆಮೇಲೆ, ಹುಸೇನಪ್ಪ ಬಿಡಿಬಿಡಿಯಾಗಿ ಹಾಡಿ ತೋರಿಸಿದ್ದರಲ್ಲಿ ಇದ್ದ ಆ ಕಡೆಯ ಮಾತುಗಳನ್ನೆಲ್ಲ ಕತ್ತರಿಸಿ ತಂದು, ಶ್ರುತಿ ಸರಿದೂಗಿಸಿ, ಒಂದೊಂದು ಸಂದಿಗೂ ಕೂರಿಸಿದೆ. ಹದಿನೇಳು ಕಡೆ. ಒಂದೂ ಅಂಟು ಕೇಳುತ್ತಿರಲಿಲ್ಲ. ಇಷ್ಟು ಅಗ್ಗದ ಸಾಮಾನಿನಲ್ಲಿ ಇಷ್ಟು ನಯವಾದ ಕೆಲಸ! ಈ ಊರಿನಲ್ಲಿ ನನ್ನ ಮೊದಲ ಗೆಲುವು ಎಂದುಕೊಂಡು ಆ ದಿನ ಹೋಟೆಲಿನಲ್ಲಿ ಊಟ ಮಾಡಿದೆ.

ಮುಂದಿನ ಭಾನುವಾರ ಹುಸೇನಪ್ಪ ಹೆಡ್‌ಫೋನು ಹಾಕಿಕೊಂಡು ಕೇಳಿದ. ಮೊದಲು ಮುಖ ಅರಳಿತು. ‘ನಂದೇ ಏನ್ರಿ ಇದು?’ ಎಂದ. ನಾಲ್ಕನೆಯ ಸಾಲಿಗೆ ಹುಬ್ಬು ಗಂಟಾಯಿತು.

‘ಕಡೀಕ ಏನೋ...’

‘ಅಲ್ಲಿ ನಿಮಗೆ ಉಸಿರು ಸಾಲ್ತಿರಲಿಲ್ಲ. ನಾನು ತುಂಬಿಸಿದ್ದೀನಿ’ ಎಂದೆ. ‘ಯಾರಿಗೂ ಗೊತ್ತಾಗಲ್ಲ ಬಿಡಿ.’

ಅವನು ಹೆಡ್‌ಫೋನು ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಪ್ಪು ಸ್ಪಂಜಿನ ಚೂರು ಕಿವಿಗೆ ಅಂಟಿಕೊಂಡಿತ್ತು. ಮಾನಮ್ಮ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಹೆಡ್‌ಫೋನು ಕೊಟ್ಟಿರಲಿಲ್ಲ, ಏನೂ ಕೇಳಿರಲಿಲ್ಲ.

‘ಖರೇನೇ ಗೊತ್ತಾಗಂಗಿಲ್ಲಲ್ರಿ?’ ಎಂದ.

ನನ್ನ ಅಂಟಿನ ಬಗ್ಗೆ ಕೇಳುತ್ತಿದ್ದಾನೆ ಎಂದುಕೊಂಡೆ. ಅವನು ಕೇಳಿದ್ದು ತನ್ನ ಎದೆಯ ಬಗ್ಗೆ. ಹೆಂಡತಿಗೂ ಹೇಳದೆ ಹೆದರಿಕೊಂಡಿದ್ದ ವಿಷಯವನ್ನು ಓದಿದವಳೊಬ್ಬಳು ಯಂತ್ರದಿಂದ ಕಂಡುಹಿಡಿದಳು ಎಂದು ಅವನಿಗೆ ಅನ್ನಿಸಿತ್ತು. ಹಾಗನ್ನಿಸಿದವನು ‘ಆ ಮಾತು ನಂದಲ್ಲ, ಹಿಮ್ಮೇಳದ್ದು’ ಎಂದು ಹೇಗೆ ವಾದಿಸಿಯಾನು?

‘ಕಳಸ್ರಿ’ ಎಂದ. ಕಳಿಸಿದೆ.

ಉತ್ತರ ಬಂದದ್ದು ನಾಲ್ಕು ದಿನಕ್ಕೆ, ಮೌಲಾಸಾಬರ ದನಿಯಲ್ಲೇ. ಭಾನುವಾರ ನನ್ನ ಕೋಣೆಯಲ್ಲಿ ಮೂವರೂ ಕೂತು ಅವನ ಫೋನಿನಲ್ಲಿ ಕೇಳಿದೆವು.

‘ಹುಸೇನ್ಯಾ, ದನಿ ಭಾಳ ಚಂದ ಐತಪಾ. ಆದ್ರ ಕಡೀ ಮಾತೂ ನೀನೇ ಅಂದಿಯಲ್ಲೋ. ಹಿಂದ ಎಂಟು ಮಂದಿ ನಿಂತೀವಿ, ನಾವೇನು ಬಾಯಿಗಿ ಕೈ ಇಟಗೊಂಡು ನಿಂದ್ರೂದೇನು? ಪ್ಯಾಟ್ಯಾಗ ಒಬ್ಬಾಂವ ಹಾಡಿ ಹಾಡಿ ನಿನಗ ಅದು ರೂಢಿ ಆಗೇತಿ. ತಪ್ಪಲ್ಲ ಬಿಡು. ಈ ವರ್ಷ ಮುಂದ ಶರಣ್ಯಾ ನಿಂದ್ರತಾನ. ನೀ ಬಂದ್ರ ಹಿಂದ ನಿಂದ್ರು. ಉಂಡು ಹೋಗು.’

ಮಾನಮ್ಮ ನನ್ನ ಕಡೆ ತಿರುಗಿದಳು. ‘ಕಡೀ ಮಾತು ಯಾರು ಅಂದ್ರು?’

ಆಗ ಅವಳೇ ಬಿಡಿಸಿ ಹೇಳಿದಳು. ಮುಂದೆ ಹಾಡುವವನು ನಾಲ್ಕನೆಯ ಸಾಲಿನ ಕಡೆಯ ಮಾತನ್ನು ಬಾಯಿಯ ತನಕ ತಂದು ಬಿಟ್ಟುಬಿಡಬೇಕು. ಅದನ್ನು ಎತ್ತುವುದು ಹಿಂದಿನವರು. ಬಿಡುವುದರಲ್ಲೇ ಅವನ ಕಸುಬು. ಎಂಟು ಜನ ತಪ್ಪದೆ ಹಿಡಿಯುವಂತೆ ಯಾರು ಬಿಡುತ್ತಾನೋ ಅವನು ಮುಂದಿನವನು. ಹೆಂಗಸರು ಮೇಳದಲ್ಲಿ ನಿಲ್ಲುವುದಿಲ್ಲ, ಆದರೆ ಊರಿನ ಪ್ರತಿ ಹೆಂಗಸಿಗೂ ಆ ಮಾತು ತುಟಿಗೆ ಬರುತ್ತದೆ. ‘ನೀವು ನನ್ನ ಪಾವಟಿಗಿ ಮ್ಯಾಲ ಕೂಡ್ಸಿದ್ರಲ್ರಿ’ ಎಂದಳು. ಸಿಟ್ಟಿರಲಿಲ್ಲ. ಲೆಕ್ಕ ಸರಿಹೊಂದಿಸುವವಳ ಹಾಗೆ ಹೇಳಿದಳು.

ನಾನು ತಿದ್ದದ ಮೂಲವನ್ನು ಹುಡುಕಿ ಆಗಲೇ ಕಳಿಸಿದೆ. ತಪ್ಪೆಲ್ಲ ನನ್ನದು, ಅವರು ಬಿಟ್ಟೇ ಹಾಡಿದ್ದರು ಎಂದು ಮಾತೂ ಸೇರಿಸಿದೆ. ಚಹಾ ಆರುವುದರೊಳಗೆ ಉತ್ತರ ಬಂತು. ಈ ಸಲ ಮುದುಕರ ದನಿ ಮೆತ್ತಗಿತ್ತು.

‘ಈಗ ತಿಳೀತಪಾ. ಎದಿ ಕೆಟ್ಟೈತಿ ನಿಂದು. ಆ ಅಕ್ಕಾರು ಮುಚ್ಚಿಟ್ಟಿದ್ರು, ಒಳ್ಳೇವರು. ಹಾಡಬ್ಯಾಡ ಮಗನ. ದವಾಖಾನಿಗಿ ಹೋಗು.’

ಹುಸೇನಪ್ಪ ಫೋನನ್ನು ಮಗುಚಿ ನೆಲದ ಮೇಲಿಟ್ಟ. ಬಹಳ ಹೊತ್ತಿನ ಮೇಲೆ ಮಾನಮ್ಮ ಹೇಳಿದಳು: ‘ಮೊದಲಿಗೇ ಇದನ್ನ ಕಳಿಸಿದ್ರ ಆ ಸಂದಿನಾಗ ಅವ್ರಿಗಿ ಹಿಮ್ಮೇಳ ಕೇಳತಿತ್ತು. ಈಗ ಕೆಮ್ಮು ಕೇಳೈತಿ.’

ಬಹಳ ಹೊತ್ತು ಎಂದೆ. ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಅಳೆಯುವ ಯಂತ್ರವನ್ನು ಆ ಹೊತ್ತು ಆರಿಸಿಟ್ಟಿದ್ದೆ.

ಆ ಮೂಲವನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಂದಿನಲ್ಲೂ ಅವನು ಬಿಡುತ್ತಾನೆ, ಬಿಟ್ಟಲ್ಲಿ ಎದೆ ಗೊರಗುಡುತ್ತದೆ. ಕಸುಬು ಎಲ್ಲಿ ಮುಗಿದು ರೋಗ ಎಲ್ಲಿ ಶುರುವಾಗುತ್ತದೆ ಎಂದು ನನಗೆ ಹೇಳಲಾಗುವುದಿಲ್ಲ. ಅವನಿಗೂ ಆಗುತ್ತದೋ ಇಲ್ಲವೋ. ನಾನು ಅಡ್ಡ ಬಾರದಿದ್ದರೆ ಇನ್ನೆರಡು ವರ್ಷ ಅವನು ಮುಂದೆ ನಿಲ್ಲುತ್ತಿದ್ದ ಎಂದೂ, ನಿಂತ ಜಾಗದಲ್ಲೇ ಕೆಮ್ಮಿ ಬೀಳುತ್ತಿದ್ದ ಎಂದೂ ಎರಡು ಕತೆ ಹೆಣೆದು ನೋಡಿದ್ದೇನೆ. ಎರಡೂ ನಯವಾಗಿ ಕೂರುತ್ತವೆ. ಅದಕ್ಕೇ ಎರಡನ್ನೂ ನಂಬುವುದಿಲ್ಲ.

ಹಬ್ಬಕ್ಕೆ ಅವನು ಹೋಗಲಿಲ್ಲ. ಗುತ್ತಿಗೆದಾರ ಆ ವರ್ಷ ರಜೆ ಕೊಟ್ಟಿದ್ದ. ‘ಹಿಂದ ನಿಂದ್ರಾಕ ಅಲ್ಲಿ ತನಕ ಯಾಕ ಹೋಗ್ಲಿ? ಇಲ್ಲೂ ಹಿಂದೇ ನಿಂತೀನಿ’ ಎಂದನಂತೆ. ಈಗ ಲಿಂಗಂಪಲ್ಲಿಯ ಆಚೆ ತಗಡಿನ ಶೆಡ್ಡು ಬಿಟ್ಟು ಬಾಡಿಗೆ ಮನೆ ಹಿಡಿದಿದ್ದಾರೆ. ಇಬ್ಬರು ಹೆಣ್ಣುಮಕ್ಕಳು ತೆಲುಗು ಶಾಲೆಗೆ ಹೋಗುತ್ತಾರೆ. ದವಾಖಾನೆಯಲ್ಲಿ ಧೂಳಿನ ಕೆಲಸ ಬಿಡು ಎಂದರು. ಬಿಟ್ಟು ಏನು ಮಾಡಬೇಕೆಂದು ಹೇಳಲಿಲ್ಲ. ನಾನು ಕೊಟ್ಟ ಮಾಸ್ಕನ್ನು ಕೊರಳಿಗೆ ಹಾಕಿಕೊಂಡು ಕಲ್ಲು ಕೊಯ್ಯುತ್ತಾನೆ. ಸಿಕ್ಕಾಗ ‘ಆರಾಮ ಅದೀರೇನ್ರಿ ಅಕ್ಕಾರ’ ಎನ್ನುತ್ತಾನೆ, ಅಷ್ಟೇ ಮರ್ಯಾದೆಯಿಂದ. ಅವನ ಬಾಯಲ್ಲಿ ಹಾಡು ಮತ್ತೆ ಕೇಳಿಲ್ಲ. ಊರಿಗೆ ಎಳೆಯುತ್ತಿದ್ದ ದಾರ ಒಂದೇ ಇತ್ತು; ಅದನ್ನು ನಾನು ಸ್ವಚ್ಛ ಮಾಡಿಬಿಟ್ಟೆ.

ನನ್ನ ಮಾತೂ ಈಗ ಎಡಬಿಡಂಗಿ. ಕಳೆದ ಸಲ ತುಮಕೂರಿಗೆ ಹೋದಾಗ ಅಕ್ಕನ ಮನೆಯ ಗೃಹಪ್ರವೇಶದಲ್ಲಿ ಮೈಕು ನೋಡು ಎಂದರು. ‘ಒಕಟಿ, ರೆಂಡು’ ಎಂದುಬಿಟ್ಟೆ. ಎಲ್ಲರೂ ನಕ್ಕರು, ಹಿಂದಿನ ಸಾಲಿನಿಂದ ಯಾರೋ ಕೈ ಎತ್ತಿದರು. ಯಾರೆಂದು ಕಾಣಲಿಲ್ಲ. ನಾಚಾರಂಗೆ ಮರಳಿದ ದಿನ ಹಾರ್ನುಗಳ ಮುಂದೆ ಕೂತು ಬಾಯಿಗೆ ಬಂದದ್ದು ‘ಕೇಳಿಸ್ತಾ?’ ಎಂದು. ಮೇಲ್ವಿಚಾರಕರು ಒಂದು ಹಾರ್ನಿಗೆ ಗುರುತು ಹಾಕಿಬಿಟ್ಟರು.

ನರ್ಸಿಂಗ್ ಮೈಕು ವಾಪಸ್ ಕೊಡುತ್ತೀಯಾ ಎಂದು ಕೇಳಿದ. ಕೊಡುವ ಮೊದಲು ನನ್ನ ಕಂಪ್ಯೂಟರಿನಲ್ಲಿದ್ದ ರೆಕಾರ್ಡಿಂಗುಗಳನ್ನು ಅಳಿಸಲಿಕ್ಕೆಂದು ಕೂತಾಗ ಕೆಟ್ಟುಹೋದವೆಂದು ಬದಿಗಿಟ್ಟಿದ್ದರಲ್ಲಿ ಆ ಭಾನುವಾರದ ಮೊದಲ ಸಲದ್ದು ಸಿಕ್ಕಿತು. ಹುಸೇನಪ್ಪ ನಾಲ್ಕನೆಯ ಸಾಲಿನ ಅಂಚಿಗೆ ಬಂದು ಬಿಡುತ್ತಾನೆ. ಮಾನಮ್ಮ ಹಿಡಿಯುತ್ತಾಳೆ. ಆ ಒಂದು ಮಾತು ಅವಳ ಬಾಯಲ್ಲಿ ಎಷ್ಟು ತಾನಾಗಿ ಬರುತ್ತದೆ ಎಂದರೆ ಸಂದು ಇತ್ತೆಂದೇ ತಿಳಿಯುವುದಿಲ್ಲ. ವಸ್ತಾದರಿಗೆ ಇದನ್ನು ಕಳಿಸಲಾ ಎಂದು ಮಾನಮ್ಮನಿಗೆ ಫೋನು ಮಾಡಿದೆ. ‘ಬ್ಯಾಡ್ರಿ ಯಕ್ಕಾ. ನನ್ನ ದನಿ ಊರಿಗಿ ಹೋಗೂದು ಬ್ಯಾಡ. ಶರಣ್ಯಾನ ತಲಿಗಿ ಮುಂದಿನಾಂವನ ರುಮಾಲು ಸುತ್ತಿ ಆಗೇತಿ’ ಎಂದಳು. ಮೊದಲ ಸಲ ಅಕ್ಕಾರ ಎನ್ನದೆ ಯಕ್ಕಾ ಎಂದಿದ್ದಳು. ಅದಕ್ಕೆ ಸಂತೋಷಪಡುವ ಹಕ್ಕು ನನಗಿದೆಯೋ ತಿಳಿಯದೆ ಫೋನಿಟ್ಟೆ.

ಇದನ್ನು ಮಾತ್ರ ಅಳಿಸಲಿಲ್ಲ. ಹನ್ನೊಂದು ಸೆಕೆಂಡು. ಅವಳ ಮಾತು ಮುಗಿಯುವ ಮೊದಲೇ, ಅದರ ಮೇಲೆಯೇ, ಮೈಕಿಗೆ ಹತ್ತಿರ ಕೂತಿದ್ದ ನಾನು: ‘ಶ್! ಮಾನಮ್ಮ, ಸುಮ್ನಿರಿ.’ ಅದನ್ನು ತೆಗೆಯಲು ಪ್ರಯತ್ನಪಟ್ಟೆ, ಒಪ್ಪಿಕೊಳ್ಳುತ್ತೇನೆ. ನನ್ನದನ್ನು ತೆಗೆದರೆ ಅವಳದೂ ಹೋಗುತ್ತದೆ. ಹಾಗೇ ಬಿಟ್ಟಿದ್ದೇನೆ. ಹೈದರಾಬಾದಿನಲ್ಲಿ ನಾನು ಹಿಡಿದಿಟ್ಟ ಕನ್ನಡವೆಂದರೆ ಅಷ್ಟೆ. ಮೂರು ದನಿಗಳಿವೆ ಅದರಲ್ಲಿ. ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುವುದು ನನ್ನದು.